ಊದಿದ್ದನ್ನು ಮತ್ತೆ ಊದದವರು

ಲಟ್ಟಣಿಗೆಯ ಮೇಲೆ ಬೆರಳುಗಳನ್ನು ಸಾಲಾಗಿ ಇಟ್ಟುಕೊಂಡು ಶೈಲಶ್ರೀ ಕಣ್ಣು ಮುಚ್ಚಿದಳು. ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನೊಳಗೆ ಸ್ಯಾಕ್ಸೋಫೋನ್ ಶುರುವಾಯಿತು. ಮೊದಲ ಸಾಲನ್ನು ಬೆರಳುಗಳು ತಪ್ಪದೆ ಹಿಂಬಾಲಿಸಿದವು. ಎರಡನೆಯದರ ನಡುವೆ, ನಿನ್ನೆಯ ಹಾಗೆಯೇ, ಬಲಗೈಯ ಉಂಗುರದ ಬೆರಳು ಒತ್ತಬೇಕಾದಲ್ಲಿ ಮೇಲೆದ್ದು ತನ್ನ ಪಾಡಿಗೆ ಬೇರೆ ದಾರಿ ಹಿಡಿಯಿತು, ಉಳಿದವೂ ದನಗಳ ಹಾಗೆ ಅದರ ಹಿಂದೆ ಹೊರಟವು. ಕಿವಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು. ಹಂಚಿನ ಮೇಲಿನ ಚಪಾತಿ ಹೊತ್ತಿದ ವಾಸನೆ ಬಂದಾಗ ಕಣ್ಣು ಬಿಟ್ಟಳು. ಇವತ್ತು ಪುಣೆಯ ವಾಕಡದ ಮದುವೆಯೊಂದರಲ್ಲಿ ವರ ಮಂಟಪಕ್ಕೆ ಬರುವಾಗ ಇದೇ ರೆಕಾರ್ಡನ್ನು ಹಚ್ಚುತ್ತಾರೆ. ಅವಳು ವೇದಿಕೆಯ ಮೇಲೆ ಸ್ಯಾಕ್ಸೋಫೋನ್ ಹಿಡಿದು ಕೆನ್ನೆ ಉಬ್ಬಿಸಿ ಬೆರಳಾಡಿಸುತ್ತ ನಿಲ್ಲಬೇಕು, ಊದಬಾರದು. ಇಂಥವರನ್ನು ಬ್ಯಾಂಡಿನ ಮಂದಿ ಡಮ್ಮಿ ಅನ್ನುತ್ತಾರೆ. ಹಿಂದೆ ಮೆರವಣಿಗೆಗೆ ಜನ ಕಡಿಮೆ ಬಿದ್ದರೆ ಬ್ಯಾಂಡಿನ ಯಜಮಾನ ದಾರಿಯಲ್ಲಿ ಸಿಕ್ಕವನೊಬ್ಬನಿಗೆ ಕೆಂಪು ಕೋಟು ತೊಡಿಸಿ, ಕೈಗೆ ತುತ್ತೂರಿ ಕೊಟ್ಟು ಸಾಲಿನ ನಡುವೆ ನಿಲ್ಲಿಸುತ್ತಿದ್ದ. ಅವರು ಊದಲು ಬಾರದ ಡಮ್ಮಿಗಳು. ಶೈಲಶ್ರೀ ಊದಲು ಬರುವ ಡಮ್ಮಿ. ರೆಕಾರ್ಡಿನಲ್ಲಿ ಊದಿದವಳೂ ಅವಳೇ. ಎರಡು ವರ್ಷದ ಹಿಂದೆ ಯಾವುದೋ ನೆಲಮಾಳಿಗೆಯ ಸ್ಟುಡಿಯೋದಲ್ಲಿ ಒಂದೇ ಉಸಿರಿಗೆ ಊದಿ ಬಂದು ಮರೆತಿದ್ದಳು. ಅದು ಈಗ ಹೆಸರಿಲ್ಲದೆ ಪುಣೆಯ ವರರನ್ನೆಲ್ಲ ಮಂಟಪಕ್ಕೆ ಕರೆತರುತ್ತಿತ್ತು.

"ಶೈಲಾ, ಈ ಗುಂಡಿ ಒಂಚೂರು ಹಚ್ಚಿಕೊಡವಾ." ಬಾಗಿಲಲ್ಲಿ ಅಪ್ಪ ಬಾಳಪ್ಪ ನಿಂತಿದ್ದರು. ಮೈಮೇಲೆ ಕಪ್ಪು ಕೋಟು. ಪುಣೆಯ ಕ್ಯಾಂಪ್ ಪ್ರದೇಶದ ಹೋಟೆಲಿನಲ್ಲಿ ರಾತ್ರಿ ರಾತ್ರಿ ಸ್ಯಾಕ್ಸೋಫೋನ್ ಊದುತ್ತಿದ್ದ ಕಾಲದ್ದು.

"ಎಲ್ಲಿಗಿ ಹೊಂಟೀರಿ ಅಪ್ಪಾ?"

"ನಿನ್ನ ಮದುವಿಗಿ."

"ನನ್ನ ಮದುವಿನ?"

"ನೀ ಊದೋ ಮದುವಿಗಿ ಅಂದೆ. ನಿನ್ನ ಮದುವಿ ಆಗಿದ್ರ ನಾನ ಊದತಿದ್ದೆ, ಕಟ್ಟಿಸಿದ ಹಲ್ಲು ಉದರಿ ಬಿದ್ರೂ ಚಿಂತಿಲ್ಲ ಅಂತ." ಅವರು ನಗುತ್ತ ಗುಂಡಿಯನ್ನು ಅವಳ ಹಿಟ್ಟಿನ ಅಂಗೈಯಲ್ಲಿಟ್ಟರು. "ಬೆಳಗಾಂವಿ ನಮ್ಮ ಓಣಿ ಶಿವಬಸವ್ವ ಫೋನ್ ಮಾಡಿದ್ದಳು. ಇವತ್ತಿನ ಮದುವಿ ಹುಡುಗಿ ಅಕಿ ಮೊಮ್ಮಗಳಂತ. ನಿಮ್ಮ ಮಗಳು ಊದತಾಳಂತ ಕಾರ್ಡಿನಾಗ ಹಾಕ್ಯಾರ, ನೀವು ಮುಂದಿನ ಸಾಲಿನ್ಯಾಗ ಕೂಡಬೇಕು ಅಂದ್ಲು. ನಾ ಹೂಂ ಅಂದೆ. ನೀ ಊದೂದು ನೋಡಿ ಎಷ್ಟ ದಿನಾತು?"

ಸೂಜಿಗೆ ದಾರ ಪೋಣಿಸಲು ಅವಳಿಗೆ ಆಗಲಿಲ್ಲ. ಬೆಳಕಿಲ್ಲ ಅಂದಳು. ಕಿಟಕಿಯ ತುಂಬ ಬಿಸಿಲಿತ್ತು.

ಕೆಲವರ ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿ ತಿನ್ನುವುದಿಲ್ಲ, ಕೆಲವರು ಅಮಾವಾಸ್ಯೆಗೆ ಹೊಸ ಬಟ್ಟೆ ಉಡುವುದಿಲ್ಲ. ಈ ಮನೆಯಲ್ಲಿ ಒಮ್ಮೆ ಊದಿದ್ದನ್ನು ಮತ್ತೆ ಊದುವುದಿಲ್ಲ. ಅಜ್ಜ ಶಿವಪುತ್ರಪ್ಪ ಬೆಳಗಾವಿಯ ಸೈನ್ಯದ ಪಲ್ಟಣದಲ್ಲಿ ಕ್ಲಾರಿನೆಟ್ ಕಲಿತು, ಪುಣೆಯ ಹೋಟೆಲೊಂದರ ಜಾಝ್ ತಂಡಕ್ಕೆ ಸೇರಿದ ಮೊದಲ ವಾರ ಅಲ್ಲಿಯ ಡ್ರಮ್ಮಿನವನು ಸಿಗರೇಟು ಹಚ್ಚುತ್ತ ಅಂದಿದ್ದನಂತೆ: ಹಾಡು ಅದೇ ಇರಲಿ, ನಡುವೆ ನಿನ್ನ ಸರದಿ ಬಂದಾಗ ಮಾತ್ರ ನಿನ್ನೆಯದನ್ನು ಊದಬೇಡ. ಬೇರೆ ಯಾರಾದರೂ ಇದನ್ನು ಕಸುಬಿನ ಮಾತು ಅಂದುಕೊಂಡು ಬಿಡುತ್ತಿದ್ದರು. ಅಜ್ಜ ದೀಕ್ಷೆ ತೆಗೆದುಕೊಂಡ. ಮನೆಗೆ ಬಂದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕ್ಲಾರಿನೆಟ್ಟನ್ನು ಲಿಂಗದ ಮುಂದಿಟ್ಟು, "ಉಗುಳಿದ್ದನ್ನ ಮತ್ತ ಬಾಯಾಗ ಹಾಕ್ಕೊಳ್ಳೂದಿಲ್ಲ" ಎಂದು ಆಣೆ ಮಾಡಿದ. ಅಪ್ಪ ಆ ನೇಮವನ್ನು ಸ್ಯಾಕ್ಸೋಫೋನಿನಿಂದ ಆಚೆಗೂ ಎಳೆದರು. ಹೇಳಿದ ಜೋಕು ಮತ್ತೆ ಹೇಳುತ್ತಿರಲಿಲ್ಲ, ಹೋದ ದಾರಿಯಲ್ಲಿ ತಿರುಗಿ ಬರುತ್ತಿರಲಿಲ್ಲ, ಒಂದು ಸಲ ದಾರಿ ತಪ್ಪಿ ಪೊಲೀಸರ ಜೊತೆ ಮನೆಗೆ ಬಂದಿದ್ದರು. "ಸಾರು ಮಾತ್ರ ದಿನಾ ಅದ ರುಚಿ ಇರಬೇಕಲ್ಲ ನಿಮಗ?" ಎಂದು ಅವ್ವ ಇದ್ದಷ್ಟು ದಿನ ಕೇಳುತ್ತಲೇ ಇದ್ದಳು. ಶೈಲಶ್ರೀ ಫ್ರಾಕು ಹಾಕುವ ವಯಸ್ಸಿನಲ್ಲಿ, ಮನೆಗೆ ಬಂದ ನೆಂಟರೊಬ್ಬರು ಇನ್ನೊಮ್ಮೆ ಊದವಾ ಪುಟ್ಟಿ ಅಂದರೆಂದು ಅದನ್ನೇ ಇನ್ನೊಮ್ಮೆ ಊದಿದ್ದಳು. ಅಪ್ಪ ಬಯ್ಯಲಿಲ್ಲ. ಎದ್ದು ಹಿತ್ತಿಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ನೆಂಟರು ಚಹಾ ಕುಡಿದು, ಅವಲಕ್ಕಿ ತಿಂದು, ಹೋಗಿಬರತೇವ್ರಿ ಎಂದು ಅವರ ಬೆನ್ನಿಗೆ ಹೇಳಿ ಹೋದರು. ಆ ಬೆನ್ನು ಈಗಲೂ ಅವಳಿಗೆ ಕೆಲವೊಮ್ಮೆ ಅಂಗಡಿಗಳ ಮುಂದಿನ ಸಾಲುಗಳಲ್ಲಿ ಯಾರದೋ ಅಂಗಿಯೊಳಗೆ ಕಾಣುತ್ತದೆ.

ಕ್ಯಾಬಿನಲ್ಲಿ ಅಪ್ಪ ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂಡಿಸಿಕೊಂಡಿದ್ದರು. ಡ್ರೈವರನಿಗೆ ಮರಾಠಿಯಲ್ಲಿ ಮಗಳ ವಿಷಯ ಹೇಳುತ್ತಿದ್ದರು: ಒಮ್ಮೆ ಊದಿದ್ದು ಮತ್ತೊಮ್ಮೆ ಇಲ್ಲ, ಪ್ರತಿ ಸಲ ಹೊಸದು. "ರೋಜ್ ನವೀನ? ಬಾಪರೇ," ಎಂದು ಆತ ಕನ್ನಡಿಯಲ್ಲಿ ಅವಳನ್ನು ಕನಿಕರದಿಂದ ನೋಡಿದ. ಅವಳು ಕಿಟಕಿಯ ಹೊರಗೆ ನೋಡಿದಳು. ಮೇಲ್ಸೇತುವೆಯ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು, ಎಲ್ಲವೂ ಒಂದೇ ತರಹ, ಯಾರೂ ಅವಕ್ಕೆ ಏನೂ ಅನ್ನುತ್ತಿರಲಿಲ್ಲ. ಜಾಝ್ ಮನೆತನದ ಮಗಳು ಅಂದ ಕೂಡಲೆ ಜನ ಕೇಳುವ ಪ್ರಶ್ನೆ ಒಂದೇ: ನಿಮ್ಮ ವಾದ್ಯ ಯಾವುದು? ಅಜ್ಜನ ಕ್ಲಾರಿನೆಟ್, ಅಪ್ಪನ ಸ್ಯಾಕ್ಸೋಫೋನ್, ಅವ್ವನ ಭಜನಾ ಮಂಡಳದ ಹಾರ್ಮೋನಿಯಂ, ಯಾರದೂ ಅಲ್ಲದ ಮ್ಯಾಂಡೊಲಿನ್; ಎಲ್ಲ ಬರುತ್ತಿತ್ತು, ಆದ್ದರಿಂದ ಉತ್ತರ ಬರುತ್ತಿರಲಿಲ್ಲ. ಬ್ಯಾಂಡಿಗೆ ಯಾರು ಬರಲಿಲ್ಲವೋ ಅವಳು ಅವರಾಗುತ್ತಿದ್ದಳು. ಜೇಜುರಿಯಲ್ಲಿ ಖಂಡೋಬನ ಹಾಡುಗಳಿಗೆ ಕೀಬೋರ್ಡ್ ನುಡಿಸಿದಾಗ ಅದರ ಕೀಗಳ ಸಂದಿಗೆ ಸೇರಿದ ಭಂಡಾರದ ಅರಿಸಿನ ಇಂದಿಗೂ ಹೋಗಿಲ್ಲ, ಯಾವ ರಾಗ ನುಡಿಸಿದರೂ ಬೆರಳು ಹಳದಿ. ದೌಂಡದ ಹತ್ತಿರದ ಡೇರಿಯೊಂದರಲ್ಲಿ ಎಮ್ಮೆಗಳ ಎದುರು ಮ್ಯಾಂಡೊಲಿನ್ ನುಡಿಸಿದ್ದಳು. ಹಾಲು ಹೆಚ್ಚಾಯಿತೋ ಇಲ್ಲವೋ ಯಾರೂ ತಿಳಿಸಲಿಲ್ಲ, ಒಂದು ಎಮ್ಮೆ ಮಾತ್ರ ಕೊನೆಯವರೆಗೂ ಬೆನ್ನು ತಿರುಗಿಸಿಯೇ ನಿಂತಿತ್ತು. ಹಿಂಜವಡಿಯ ಕಚೇರಿಯೊಂದರ ಲಿಫ್ಟಿನಲ್ಲಿ ಅವಳ ಕೊಳಲಿನ ರೆಕಾರ್ಡಿದೆ. ಬಾಗಿಲು ತೆರೆದಾಗ ನಿಂತುಬಿಡುತ್ತದೆ. ಅದನ್ನು ಪೂರ್ತಿ ಕೇಳಿದವರು ಯಾರೂ ಇಲ್ಲ, ಕಟ್ಟಡಕ್ಕೆ ಅಷ್ಟು ಎತ್ತರ ಸಾಲದು. ಇವೆಲ್ಲ ಅಪ್ಪನ ಲೆಕ್ಕಕ್ಕೆ ಕೆಲಸ. ಸ್ಯಾಕ್ಸೋಫೋನ್ ಮಾತ್ರ ಊದುವುದು. ಮದುವೆಗಳಲ್ಲಿ ಊದುತ್ತೇನೆ ಎಂದೇ ಅವಳು ಹೇಳಿಕೊಂಡು ಬಂದಿದ್ದಳು. ಸಂಜೆ ಮನೆಗೆ ಬಂದರೆ, ಇವತ್ತ ಹೆಂಗಾತು ಎಂದು ಅವರು ಕೇಳುವರು, ಹೊಸದು ಬಂತ್ರಿ ಎಂದು ಅವಳು ಹೇಳುವಳು.

"ಹಲ್ಲು ಹೋದಾಗ ಎಲ್ಲಾರೂ ಬಾಳಪ್ಪ ಮುಗದಾ ಅಂದ್ರು," ಎಂದರು ಅಪ್ಪ ಇದ್ದಕ್ಕಿದ್ದಂತೆ ಕನ್ನಡಕ್ಕೆ ಹೊರಳಿ. "ನಾ ಎಲ್ಲಿ ಮುಗದೇನಿ? ನೀ ಊದಲಿಕ್ಕತ್ತೀ ಅಂದ್ರ ನಾ ಊದಲಿಕ್ಕತ್ತಂಗ. ಹೌದಿಲ್ಲೋ?"

ಅಪ್ಪಾ, ನಾ ಊದೂದಿಲ್ಲ, ಬರೇ ನಿಂದರತೀನಿ. ವಾಕ್ಯ ಸಿದ್ಧವಾಗಿತ್ತು, ಚಿಕ್ಕದಾಗಿತ್ತು, ಒಂದು ಸಿಗ್ನಲ್ಲಿನ ಕೆಂಪಿನೊಳಗೆ ಮುಗಿದುಹೋಗುವಷ್ಟು. ಹಸಿರಾಯಿತು. "ಹೌದ್ರಿ," ಅಂದಳು.

ಮದುವೆ ನಡೆಯುವ ಹುಲ್ಲುಹಾಸಿನ ಬಯಲಿನಲ್ಲಿ, ಪುಣೆಯವರ ಲಾನ್ಸಿನಲ್ಲಿ, ಮಂದಾರ ಅವಳಿಗಾಗಿ ಕಾಯುತ್ತಿದ್ದ. ಇಡೀ ಸಮಾರಂಭದ ಗುತ್ತಿಗೆ ಅವನದು. ಕಿವಿಗೊಂದು, ಬಾಯಿಗೊಂದು ಯಂತ್ರ ಸಿಕ್ಕಿಸಿಕೊಂಡು ಮರಾಠಿಯಲ್ಲಿ ಗಾಳಿಯ ಜೊತೆ ಜಗಳವಾಡುತ್ತಿದ್ದ. ಅಪ್ಪನನ್ನು ಶಿವಬಸವ್ವ ಕೈ ಹಿಡಿದು ಮುಂದಿನ ಸಾಲಿಗೆ ಕರೆದೊಯ್ದ ಮೇಲೆ, ಆತ ಶೈಲಶ್ರೀಯ ಸ್ಯಾಕ್ಸೋಫೋನಿನ ರೀಡನ್ನು, ಅಂದರೆ ತುಟಿಗೆ ತಗುಲಿ ಅದುರಿ ನಾದ ಹುಟ್ಟಿಸುವ ಆ ತೆಳು ಸೀಳನ್ನು, ಬಿಚ್ಚಿಸಿ ತನ್ನ ಜೇಬಿನಲ್ಲಿ ಹಾಕಿಕೊಂಡ. ಹೋದ ತಿಂಗಳು ಡಮ್ಮಿಯೊಬ್ಬ ಸಂತೋಷ ತಡೆಯಲಾರದೆ ಊದಿಬಿಟ್ಟಿದ್ದನಂತೆ. ಸಾಲದೆಂದು ವಾದ್ಯದ ಬಾಯಿಗೆ ಕೈ ಒರೆಸುವ ಬಟ್ಟೆಯನ್ನೂ ತುರುಕಿದ. ನಂತರ ಡಿಜೆ ಸಂಜುವಿಗೆ ಕೈ ಮಾಡಿದ. ಸಂಜು ಗದಗಿನ ಕಡೆಯವನು, ನರೆತ ಗಡ್ಡ, ಕಪ್ಪು ಕನ್ನಡಕ. ಟ್ರ್ಯಾಕು ಶುರುವಾಯಿತು. ಎರಡನೆಯ ಸಾಲಿನ ನಡುವೆ ಉಂಗುರದ ಬೆರಳು ಎದ್ದಿತು.

"ಅಕ್ಕಾರ, ನಿಂದರ್ರಿ," ಎಂದ ಸಂಜು. "ಟ್ರ್ಯಾಕಿನ್ಯಾಗ ಊದಿದಾಂವ ಭಾಳ ಶಿಸ್ತಿನ ಮನಶ್ಯಾ. ನಾ ಎಷ್ಟ ಮದುವ್ಯಾಗ ಹಚ್ಚೀನಿ, ಒಂದ ಸಲಾನೂ ಕೂದಲೆಳಿಯಷ್ಟು ಹೆಚ್ಚು ಕಡಿಮಿ ಊದಿಲ್ಲ ಅಂವ. ನೀವು ನೋಡಿದ್ರ ಬ್ಯಾರೆನ ಏನೋ ಆಡಿಸ್ತೀರಿ."

"ಅದು ನಾನ ಊದಿದ್ದು," ಎಂದಳು. ಹೇಳಬಾರದಿತ್ತು ಅನಿಸಿತು. ಬೇರೆಯವರ ಮಗುವನ್ನು ನನ್ನದು ಅಂದಹಾಗೆ ಕೇಳಿಸಿತು.

ಸಂಜು ಕನ್ನಡಕ ತೆಗೆದು ನೋಡಿದ. "ನೀವ? ಹಂಗಿದ್ರ ಬರಬೇಕಲ್ರಿ ಮತ್ತ!"

ಮಂದಾರನಿಗೆ ಅದನ್ನು ಮರಾಠಿಯಲ್ಲಿ ದಾಟಿಸಲಾಯಿತು. ಆತ ನಗಲಿಲ್ಲ. ಹಾಗಿದ್ದರೆ ಸುಲಭವಾಯಿತಲ್ಲ ಮ್ಯಾಡಮ್, ನಿಮ್ಮನ್ನು ನೀವೇ ಕೇಳಿ ಕಲಿತುಕೊಳ್ಳಿ, ಬೇರೆಯವರಿಗೆ ಇಷ್ಟು ಅನುಕೂಲ ಎಲ್ಲಿದೆ ಅಂದ. ಮತ್ತೆ ಹಚ್ಚಿದರು, ಮತ್ತೆ ತಪ್ಪಿತು. ವಿಡಿಯೋದಲ್ಲಿ ಬೆರಳು ದೊಡ್ಡದಾಗಿ ಕಾಣುತ್ತದೆ, ವರನ ಕಡೆಯವರು ಎಂಜಿನಿಯರುಗಳು, ಒಂದೊಂದನ್ನೂ ನಿಲ್ಲಿಸಿ ನೋಡುತ್ತಾರೆ ಎಂದು ಆತ ತುತ್ತೂರಿಯೊಂದನ್ನು ತರಿಸಿ ಕೊಟ್ಟ. ಅದಕ್ಕೆ ಮೂರೇ ಗುಂಡಿ, ತಪ್ಪಲು ಜಾಗ ಕಡಿಮೆ. ಆ ಮೂರರಲ್ಲೂ ಅವಳ ಬೆರಳು ಬೇರೆ ಕಡೆ ಹೋಯಿತು. ಅಕಾರ್ಡಿಯನ್ ಕೊಟ್ಟ. ಕೊನೆಗೆ ಖಂಜರಿ ಕೊಟ್ಟು ಸುಮ್ಮನೆ ಅಲ್ಲಾಡಿಸಿ ಅಂದ. ಅದೂ ತಾಳದಿಂದ ಅರ್ಧ ಹೆಜ್ಜೆ ಆಚೆ ಬಿತ್ತು. "ಮ್ಯಾಡಮ್," ಎಂದು ಆತ ಬಹಳ ಮೆತ್ತಗೆ, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ, "ತುಮ್ಹಾಲಾ ನಕ್ಕೀ ಕಾಯ ವಾಜವತಾ ಯೇತಂ?" ನಿಮಗೆ ನಿಜವಾಗಿ ಏನು ನುಡಿಸಲು ಬರುತ್ತದೆ? ಎಲ್ಲ ವಾದ್ಯಗಳೂ ಅವಳ ಕಾಲಿನ ಸುತ್ತ ಹುಲ್ಲಿನ ಮೇಲೆ ಬಿದ್ದಿದ್ದವು. ಅವಳಿಗೆ ನಗು ಬಂತು, ಅದು ಬಿಕ್ಕಳಿಕೆಯಾಗಿ ಹೊರಬಂತು. ನೀರು ತರಿಸಿದರು.

ಅಡುಗೆಯವರ ಶಾಮಿಯಾನದ ಹಿಂದೆ, ಎಣ್ಣೆಯ ಡಬ್ಬಿಯ ಮೇಲೆ ಕೂತು ಅವಳು ತನ್ನನ್ನೇ ಬಾಯಿಪಾಠ ಮಾಡಲು ಶುರುಮಾಡಿದಳು. ದಾರಿ ಒಂದೇ ಇತ್ತು. ಅಪ್ಪ ಎದುರಿಗೇ ಕೂತಿದ್ದಾರೆ. ಬೆರಳು ನೋಡಿದರೆ ಅವರಿಗೆ ಸ್ವರ ತಿಳಿಯುತ್ತದೆ, ಸ್ವರ ಕೇಳಿದರೆ ಬೆರಳು. ಬೆರಳೊಂದು ಸ್ವರವೊಂದು ಆದರೆ ಮುಗಿಯಿತು. ತನ್ನ ಮಗಳು ಕೆಂಪು ಕೋಟಿನ ಡಮ್ಮಿ ಎಂದು ಅವರಿಗೆ ಮೊದಲ ಸಾಲಿನಲ್ಲೇ, ಶಿವಬಸವ್ವನ ಪಕ್ಕದಲ್ಲಿ, ಗೊತ್ತಾಗುತ್ತದೆ. ಆದ್ದರಿಂದ ಎರಡು ವರ್ಷದ ಹಿಂದಿನ ಉಗುಳನ್ನು ಇವತ್ತು ನುಂಗಬೇಕು. ಅವಳು ಶಾಲೆಯಲ್ಲಿ ಮಗ್ಗಿ ಕಲಿತ ಹಾಗೆ ತುಣುಕು ತುಣುಕಾಗಿ ಕಲಿತಳು. ಕೇಳುತ್ತ ಕೇಳುತ್ತ ಅವಳಿಗೆ ಆ ದಿನ ನೆನಪಾಯಿತು: ಮೂರನೆಯ ಸಾಲಿನಲ್ಲಿ ಸ್ವರ ಇಷ್ಟು ಹೊತ್ತು ಎಳೆದದ್ದು ಭಾವದಿಂದಲ್ಲ, ಮನೆಯಲ್ಲಿ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಎಂಬ ಯೋಚನೆಯಿಂದ. ಆ ಗ್ಯಾಸಿನ ಯೋಚನೆಗೇ ಹೂವು ಬಿದ್ದಿತ್ತು ಇಷ್ಟು ಮದುವೆಗಳಲ್ಲಿ, ಹೆಣ್ಣಿನ ತಾಯಂದಿರು ಕಣ್ಣೊರೆಸಿಕೊಂಡಿದ್ದರು. ಜಿಲೇಬಿ ಕರಿಯುವವ ಬಾಣಲೆಯಲ್ಲಿ ಸುತ್ತು ಬಿಡುತ್ತಿದ್ದ, ಎಲ್ಲ ಒಂದೇ ಅಳತೆ. ಉಂಗುರದ ಬೆರಳನ್ನು ಅವಳು ಎಡಗೈಯಿಂದ ಹಿಡಿದು ಒತ್ತಿದಳು, ಮೊಂಡ ಮಗುವಿನ ತಲೆ ತಗ್ಗಿಸಿ ದೇವರಿಗೆ ನಮಸ್ಕಾರ ಮಾಡಿಸಿದ ಹಾಗೆ. ಕೊನೆಗೆ ಅದು ಒತ್ತಿತು. ಆದಿಯಿಂದ ಅಂತ್ಯದವರೆಗೆ ಒಂದೂ ತಪ್ಪಿಲ್ಲದೆ ಬಂದಾಗ ಅವಳಿಗೆ ಹಿತ್ತಿಲ ಗೋಡೆಯ ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು, ಹತ್ತಿರದಲ್ಲೆಲ್ಲೂ ಗೋಡೆಯಿರಲಿಲ್ಲ.

ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಅಜ್ಜನ ಫೋಟೋ, ಅಪ್ಪನ ಫೋಟೋ, ನಂತರ ಅವಳದು. ಕೆಳಗೆ 'ಮೂರು ತಲೆಮಾರು, ಒಂದೇ ಉಸಿರು, ಲೈವ್' ಎಂದು ಮರಾಠಿಯಲ್ಲಿ ಮಿನುಗುತ್ತಿತ್ತು. ವಧು ಪೂರ್ವಾ ಮಂಟಪದಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ವರ ಅವಧೂತ ಬರುವುದು ಮೇಲಿನಿಂದ: ಕ್ರೇನಿಗೆ ಕಟ್ಟಿದ ಬಿಳಿ ಫೈಬರಿನ ದೊಡ್ಡ ಶಂಖದೊಳಗೆ ಕೂತು ಆಕಾಶದಿಂದ ಇಳಿಯಬೇಕು. ಸಂಜು ಕೈಯೆತ್ತಿದ. ಟ್ರ್ಯಾಕು ಮೊಳಗಿತು. ಶಂಖ ಮರಗಳ ಮೇಲೆ ಕಾಣಿಸಿತು. ಶೈಲಶ್ರೀ ಕೆನ್ನೆ ಉಬ್ಬಿಸಿದಳು, ಬೆರಳುಗಳು ಹೊರಟವು, ಒಂದೊಂದೂ ಸರಿಯಾಗಿ, ಉಂಗುರದ ಬೆರಳು ಕೂಡ. ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಅವರ ಕಣ್ಣು ಅವಳ ಬೆರಳಿನ ಮೇಲಿತ್ತು, ತಲೆ ತೂಗುತ್ತಿತ್ತು. ಗ್ಯಾಸಿನ ಸ್ವರ ಬಂದಾಗ, "ಆಹಾ!" ಎಂದು ತೊಡೆ ತಟ್ಟಿ ಶಿವಬಸವ್ವನ ಕಡೆ ವಾಲಿದರು. ಅವರು ಅಂದದ್ದು ಅವಳಿಗೆ ಕೇಳಲಿಲ್ಲ, ಆದರೆ ತುಟಿಯ ಮೇಲೆ ಓದಿದಳು: ಹೊಸದು, ಇದನ್ನ ಎಂದೂ ಊದಿಲ್ಲ ಈಕಿ. ಗೆದ್ದೆ, ಅಂದುಕೊಂಡಳು. ಇನ್ನೊಂದು ಸಾಲು, ಮುಗಿಯುತ್ತದೆ, ಮನೆಗೆ ಹೋಗಿ ಸಾರು ಮಾಡುತ್ತೇನೆ.

ಮುಗಿಯಿತು. ಶಂಖ ಇಳಿದಿರಲಿಲ್ಲ. ಮಂಟಪದಿಂದ ಇನ್ನೂ ಎರಡಾಳು ಎತ್ತರದಲ್ಲಿ ಅದು ಗಕ್ಕನೆ ನಿಂತು ಅತ್ತಿತ್ತ ತೂಗುತ್ತಿತ್ತು, ಒಳಗಿನಿಂದ ಅವಧೂತ ಪೇಟ ಹಿಡಿದುಕೊಂಡು ಇಣುಕುತ್ತಿದ್ದ. ಕ್ರೇನಿನವ ಏನೋ ಕೂಗಿದ. ಮಂದಾರ ಓಡಿದ, ಓಡುತ್ತಲೇ ಸಂಜುವಿನ ಕಡೆ ತಿರುಗಿ ಬೆರಳನ್ನು ಗಾಳಿಯಲ್ಲಿ ಗರಗರ ಸುತ್ತಿಸಿದ: ಮತ್ತೆ, ಅದನ್ನೇ ಮತ್ತೆ, ನಿಲ್ಲಿಸಬೇಡ. ಸಂಜು ಒತ್ತಿದ. ಅದೇ ಟ್ರ್ಯಾಕು, ಅದೇ ಮೊದಲ ಸ್ವರದಿಂದ, ಕೂದಲೆಳೆಯಷ್ಟು ಹೆಚ್ಚು ಕಡಿಮೆಯಿಲ್ಲದೆ ಶುರುವಾಯಿತು.

ಅಪ್ಪನ ಮುಖದ ನಗು ಇದ್ದಲ್ಲೇ ಇತ್ತು, ಅದರೊಳಗಿನಿಂದ ಯಾರೋ ಎದ್ದುಹೋದಂತಿತ್ತು. ಅವಳು ವಾದ್ಯ ಹಿಡಿದು ನಿಂತಿದ್ದಳು. ಟ್ರ್ಯಾಕಿನ ಜೊತೆ ಬೆರಳಾಡಿಸಿದರೆ ನೂರಾರು ಜನರ ಮುಂದೆ ಊದಿದ್ದನ್ನೇ ಊದಿದ ಮಗಳು. ಅವರು ಎದ್ದು, ಈ ಲಾನ್ಸಿನಲ್ಲಿ ಗೋಡೆಯಿಲ್ಲದಿದ್ದರೂ ಎಲ್ಲೋ ಒಂದು ಕಡೆ ಮುಖ ತಿರುಗಿಸಿ ನಿಂತಾರು. ಬೇರೆ ಆಡಿಸಿದರೆ ಊದದ ಮಗಳು, ಡಮ್ಮಿ. ಎರಡರಲ್ಲಿ ಯಾವ ಮಗಳನ್ನು ಮನೆಗೆ ಕರೆದುಕೊಂಡು ಹೋಗುವುದು ಅವರಿಗೆ ಕಡಿಮೆ ಕಷ್ಟ? ಮೊದಲ ಸಾಲು ದಾಟಿಹೋಗುತ್ತಿತ್ತು, ಅವಳ ಕೈ ನಿಂತೇ ಇತ್ತು, ಸಂಜು ದೂರದಿಂದ ಬೆರಳು ಬೆರಳು ಎಂದು ಸನ್ನೆ ಮಾಡುತ್ತಿದ್ದ. ಯೋಚಿಸಿ ಮುಗಿಸಿದ್ದರೆ ಏನು ಮಾಡುತ್ತಿದ್ದಳೋ. ಉಂಗುರದ ಬೆರಳು ಕಾಯಲಿಲ್ಲ. ಅದು ಎದ್ದಿತು, ಹೊರಟಿತು, ಉಳಿದವು ಹಿಂದೆ ಹೋದವು. ರೀಡಿಲ್ಲದ ಬಾಯಿಯೊಳಗೆ, ಬಟ್ಟೆ ತುರುಕಿದ ಕೊಳವೆಯೊಳಗೆ ಅವಳು ಉಸಿರು ಬಿಟ್ಟಳು, ಬರೀ ಬಿಸಿಗಾಳಿ. ಆದರೆ ಬೆರಳಿನ ಕೆಳಗೆ ಹಿಂದೆಂದೂ ಬಾರದ ಒಂದು ಸಾಲು ಬರುತ್ತಿತ್ತು, ಟ್ರ್ಯಾಕಿಗಿಂತ ನಿಧಾನವಾದದ್ದು, ಕ್ಯಾಬಿನ ಕಿಟಕಿಯ ಕಂಬಗಳಿಗೂ ಬೆನ್ನು ತಿರುಗಿಸಿದ ಎಮ್ಮೆಗೂ ಏನೋ ಹೇಳುವಂಥದ್ದು. ಸ್ಪೀಕರುಗಳು ಗ್ಯಾಸಿನ ಬಗ್ಗೆ ಅರಚುತ್ತಿದ್ದವು.

ಅಪ್ಪ ನೋಡಿದರು. ಅವಳ ಬೆರಳು, ಸ್ಪೀಕರು, ಮತ್ತೆ ಬೆರಳು. ಅವರ ಬಾಯಿ ಸ್ವಲ್ಪ ತೆರೆಯಿತು. ಗೊತ್ತಾಯಿತು. ಗೊತ್ತಾಗುವುದು ಇಷ್ಟು ಸದ್ದಿಲ್ಲದೆ ಆಗುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಅವರು ಏಳುತ್ತಾರೆ ಎಂದು ಕಾದಳು. ಏಳಲಿಲ್ಲ. ಎರಡೂ ಕೈ ಎತ್ತಿ, ಅಂಗೈಗಳಿಂದ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಅವಳ ಬೆರಳುಗಳತ್ತ ಕಣ್ಣು ಅಗಲಿಸಿ ಮುಂದೆ ಬಾಗಿದರು.

"ಯಾಕ್ರೀ, ಪಟಾಕಿ ಹೊಡಿಯಾವ್ರದಾರೇನು?" ಎಂದು ಶಿವಬಸವ್ವ ಗಾಬರಿಯಿಂದ ಕೇಳಿದಳು. ಆಕೆಯೂ ಎರಡೂ ಕಿವಿ ಮುಚ್ಚಿಕೊಂಡಳು. ಆಕೆಯನ್ನು ನೋಡಿ ಪಕ್ಕದ ಹೆಂಗಸು, ಆ ಹೆಂಗಸನ್ನು ನೋಡಿ ಹಿಂದಿನ ಸಾಲಿನ ಎಂಜಿನಿಯರುಗಳು, ಸಾಲು ಸಾಲಾಗಿ ಕೈಗಳು ಮೇಲೆದ್ದವು. ಒಂದು ಕೈಯಲ್ಲಿ ತಟ್ಟೆ ಇದ್ದವರು ಇನ್ನೊಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡರು. ವಧು ಮುಚ್ಚಿಕೊಂಡಳು, ಭಟ್ಟರು ಮುಚ್ಚಿಕೊಂಡರು, ಮೇಲೆ ಶಂಖದೊಳಗೆ ಅವಧೂತ ಪೇಟ ಬಿಟ್ಟು ಕಿವಿ ಮುಚ್ಚಿಕೊಂಡ. ಇಡೀ ಲಾನ್ಸು ಕಿವಿ ಮುಚ್ಚಿ, ಏನೋ ದೊಡ್ಡದು ಆಗಲಿಕ್ಕಿದೆ ಎಂದು ವೇದಿಕೆಯ ಮೇಲಿನ ಒಬ್ಬ ಹೆಂಗಸಿನ ಬೆರಳುಗಳನ್ನು ಉಸಿರು ಹಿಡಿದು ನೋಡುತ್ತಿತ್ತು. ಶೈಲಶ್ರೀ ಯಾರನ್ನೂ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಅಪ್ಪನ ಹಳೆಯ ಕಪ್ಪು ಬೂಟೊಂದು ಹುಲ್ಲಿನ ಮೇಲೆ ತಾಳ ಹಾಕುತ್ತಿತ್ತು. ಟ್ರ್ಯಾಕಿನ ತಾಳವಲ್ಲ, ಅದಕ್ಕಿಂತ ನಿಧಾನ. ಅವಳು ಸ್ವಲ್ಪ ತಡೆದಳು, ಬೂಟೂ ತಡೆಯಿತು. ಮುಂದಿನದೇನೆಂದು ಇಬ್ಬರಿಗೂ ಇನ್ನೂ ಗೊತ್ತಿರಲಿಲ್ಲ.